ಹಂಚಿನ ಮೇಲಿನ ಹನಿ

ರಾಯಚೂರು ಜಿಲ್ಲೆಗೆ ಹೆಣ್ಣು ಕೊಡುವವರು ವರನ ಹೊಲ ಮನೆ ವಿಚಾರಿಸುವ ಮೊದಲು ಬಿಸಿಲಿನ ವಿಚಾರ ಕೇಳುತ್ತಾರೆ. ನನ್ನ ತವರಿನವರೂ ಕೇಳಿದ್ದರು. ಅದಕ್ಕೆ ನಮ್ಮ ಮಾವನವರು, "ಬಿಸಲು ಐತ್ರೀ, ಸುಳ್ಳು ಯಾಕ ಹೇಳ್ಲಿ. ಆದ್ರ ನಮ್ಮ ಹುಡುಗ ಐಸಿನ ಮಷೀನ್ ಹಾಕೋನದಾನ. ನಿಮ್ಮ ಮಗಳು ತಂಪಾಗಿರ್ತಾಳ" ಎಂದಿದ್ದರಂತೆ. ಹೀಗೆ ನಾನು ಐಸ್‌ಕ್ಯಾಂಡಿಯ ಭರವಸೆಯ ಮೇಲೆ ಬಳಗಾನೂರಿಗೆ ಸೊಸೆಯಾಗಿ ಬಂದವಳು.

ಮಷೀನು ಬಂದದ್ದು ಮಾತ್ರ ಮದುವೆಯಾಗಿ ಆರು ವರ್ಷದ ಮೇಲೆ, 1992ರಲ್ಲಿ. ಆಗ ನಮಗೆ ತಾಲೂಕು ಎಂದರೆ ಸಿಂಧನೂರು. ಸಾಲ, ಸಾಮಾನು, ಮೆಕ್ಯಾನಿಕ್ ಎಲ್ಲಕ್ಕೂ ಅಲ್ಲಿಗೇ ಓಡಬೇಕು. ಬ್ಯಾಂಕಿನವರು ಕೊಟ್ಟ ಸಾಲ ಸಾಲದೆ ನನ್ನ ತವರಿನ ನಾಲ್ಕು ತೊಲೆಯ ಪಾಟ್ಲಿ ಒತ್ತೆ ಹೋದವು. "ಒಂದು ಬ್ಯಾಸಗಿ ದುಡಿದ್ರ ಬಿಡಿಸಿಕೊಂಡು ಬರೂಣು" ಎಂದರು ನಮ್ಮವರು. ಬರಿಗೈಗೆ ಹಸಿರು ಬಳೆ ಹೆಚ್ಚು ಹಾಕಿಕೊಂಡು ನಾನೂ ಹೂಂ ಎಂದೆ.

ಮನೆಯ ಪಕ್ಕದಲ್ಲಿ ತಗಡಿನ ಷೆಡ್ಡು. ಅದರೊಳಗೆ ಉಪ್ಪುನೀರಿನ ದೊಡ್ಡ ತೊಟ್ಟಿ. ತೊಟ್ಟಿಯಲ್ಲಿ ತಾಮ್ರದ ಕೊಳವೆಯ ಸುರುಳಿ, ನೀರು ಕಡೆಯಲು ಒಂದು ಪಂಖ. ಮೇಲಿಂದ ಇಳಿಬಿಡುವ ಐಸಿನ ಅಚ್ಚುಗಳು. ಮೂಲೆಯಲ್ಲಿ ಪಟ್ಟಾ ಹಾಕಿ ತಿರುಗಿಸುವ ಕಂಪ್ರೆಸರು. ಬೆಳಗಿನ ಜಾವ ಹುಡುಗರು ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಬಂದು ಕ್ಯಾಂಡಿ ಎಣಿಸಿಕೊಂಡು ಹೋದರೆ, ಎಡದಂಡೆ ಕಾಲುವೆಯ ಬದಿಯ ಕ್ಯಾಂಪುಗಳವರೆಗೂ ಮಾರಿ ಮಧ್ಯಾಹ್ನಕ್ಕೆ ಬರಿ ಡಬ್ಬಿ ತರುತ್ತಿದ್ದರು.

ಆ ಮಷೀನಿನ ಒಳಗುಟ್ಟು ನನಗೆ ತಿಳಿದದ್ದು ಬಹಳ ತಡವಾಗಿ. ಮಣ್ಣಿನ ಮಡಕಿಯ ನೀರು ಯಾಕೆ ತಂಪು ಎಂದು ನಮಗೆಲ್ಲ ಗೊತ್ತು. ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಮಡಕಿಯ ಬಿಸಿಯನ್ನು ಒಯ್ಯುತ್ತದೆ. ಈ ಮಷೀನೂ ಮಡಕಿಯೇ, ಆದರೆ ನೀರಿನ ಬದಲು ಬೇರೆ ದ್ರವ. ನಮ್ಮದರಲ್ಲಿದ್ದದ್ದು ಆರ್-12 ಎಂಬ ಗ್ಯಾಸು. ಬಯಲಿನ ಒತ್ತಡದಲ್ಲಿ ಅದು ಸೊನ್ನೆಗಿಂತ 30 ಡಿಗ್ರಿ ಕೆಳಗೇ ಕುದಿಯುತ್ತದೆ. ಕುದಿಯುವುದೆಂದರೆ ಸುಡುವುದು ಎಂದು ತಿಳಿದಿದ್ದ ನನಗೆ, ಬರ್ಫಕ್ಕಿಂತ ತಣ್ಣಗಿದ್ದೂ ಕುದಿಯುವ ವಸ್ತುವಿದೆ ಎಂದರೆ ನಂಬಿಕೆಯೇ ಬರಲಿಲ್ಲ. ಕಂಪ್ರೆಸರು ಗ್ಯಾಸನ್ನು ಒತ್ತುತ್ತದೆ. ಹೊರಗಿನ ಜಾಲರಿಯಲ್ಲಿ ಬಿಸಿ ಕಳೆದುಕೊಂಡು ಅದು ದ್ರವವಾಗುತ್ತದೆ. ಸಣ್ಣ ವಾಲ್ವಿನ ಸಂದಿಯಿಂದ ತೊಟ್ಟಿಯ ಸುರುಳಿಗೆ ಇಳಿದು, ಉಪ್ಪುನೀರಿನ ಬಿಸಿ ಹೀರಿ ಕುದ್ದು, ಮತ್ತೆ ಗ್ಯಾಸಾಗಿ ಕಂಪ್ರೆಸರಿಗೆ ಮರಳುತ್ತದೆ. ಇಷ್ಟೇ ಸಂಸಾರ. ಮರಳುವ ಹೊತ್ತಿಗೆ ಪೂರ್ತಿ ಗ್ಯಾಸಾಗಿರಬೇಕು, ಒಂದು ಹನಿ ದ್ರವವೂ ಉಳಿದಿರಬಾರದು. ನಮ್ಮ ಕಥೆಯೆಲ್ಲ ಆ ಹನಿಯದೇ.

1993ರ ಏಪ್ರಿಲ್. ಮರಳುವ ಪೈಪಿನ ಮೇಲೆ ಮೊದಲಿಂದಲೂ ತೆಳ್ಳಗೆ ಮಂಜು ಕಟ್ಟುತ್ತಿತ್ತು. ಆ ವಾರ ಅದು ಬೆಳೆಯುತ್ತ ಬೆಳೆಯುತ್ತ ಕಂಪ್ರೆಸರಿನ ಮೈವರೆಗೂ ಬಂತು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಕಬ್ಬಿಣದ ಮೇಲೆ ಬೆಳ್ಳಗೆ ಹಿಮ! ನಮ್ಮವರಿಗೆ ಹಿಗ್ಗೋ ಹಿಗ್ಗು. ಬಂದವರನ್ನೆಲ್ಲ ಕರೆದು ತೋರಿಸಿದರು. ನಾನೇನು ಕಡಿಮೆ? ಓಣಿಯ ಹೆಂಗಸರನ್ನು ಕರೆತಂದು, ಮುಟ್ಟಿ ನೋಡಿ ಎಂದೆ. ಹೆಚ್ಚು ಮಂಜು ಎಂದರೆ ಹೆಚ್ಚು ತಂಪು, ಹೆಚ್ಚು ತಂಪೆಂದರೆ ಹೆಚ್ಚು ಲಾಭ ಎಂಬ ಲೆಕ್ಕ ನಮ್ಮದು. ಒಂದು ಶುಕ್ರವಾರ ಆ ಮಂಜಿಗೇ ಕುಂಕುಮ ಹಚ್ಚಿದೆ. ಈಗ ನೆನೆದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ.

ಹಿಗ್ಗದೆ ಇದ್ದವರು ಅತ್ತೆಯವರೊಬ್ಬರೇ. ಅವರು ಮಷೀನನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ರಾತ್ರಿ ಅಂಗಳದಲ್ಲಿ ಮಲಗಿದಾಗ, "ತಮ್ಮಾ, ಬೀಸೋಕಲ್ಲಿಗೆ ಹಳ್ಳು ಸಿಕ್ಕಂಗ ಸಪ್ಪಳ ಬರಾಕ ಹತ್ತೈತಿ ನೋಡು" ಎಂದರು. ಹತ್ತನೆಯ ವಯಸ್ಸಿನಿಂದ ಜೋಳ ಬೀಸಿದ ಕಿವಿ ಅದು. ಕಾಳಿನ ನಡುವೆ ಒಂದು ಕಲ್ಲು ಬಂದರೆ ಕೈಗೆ ಗೊತ್ತಾಗುವ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. "ಯವ್ವಾ, ಇದು ಬೀಸೋಕಲ್ಲಲ್ಲ, ಮಷೀನು. ಸುಮ್ಮನ ಮಕ್ಕೋ" ಎಂದು ನಮ್ಮವರು ಮಗ್ಗುಲು ಬದಲಿಸಿದರು. ನನಗೂ ಸಪ್ಪಳ ಕೇಳಿಸಿತ್ತು. ಟಕ್ ಎನ್ನುವುದು, ನಿಲ್ಲುವುದು, ಮತ್ತೆ ಎರಡು ಸಲ ಟಕ್ ಟಕ್. ಆದರೆ ನಾನೂ ಬಾಯಿ ತೆರೆಯಲಿಲ್ಲ. ಅತ್ತೆಯ ಮಾತಿಗೆ ಸೊಸೆ ಹೌದೆಂದರೆ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ ಎಂಬ ಅಂಜಿಕೆ ಇರಬಹುದು. ಹಗಲೆಲ್ಲ ಮಂಜು ತೋರಿಸಿ ಮೆರೆದವಳಿಗೆ ರಾತ್ರಿ ಅದನ್ನೇ ಅನುಮಾನಿಸಲು ನಾಚಿಕೆಯೂ ಇರಬಹುದು.

ಮೂರನೆಯ ರಾತ್ರಿ ದೊಡ್ಡ ಸದ್ದಾಯಿತು. ಪಟ್ಟಾ ಕಳಚಿ ಗೋಡೆಗೆ ಬಡಿಯಿತು. ಆಮೇಲೆ ಬರೀ ಮೌನ.

ಮರುದಿನ ಸಿಂಧನೂರಿನಿಂದ ಭಾಯ್ ಬಂದರು. ನಡುವಯಸ್ಸಿನ ಮೆಕ್ಯಾನಿಕ್, ಮಾತು ಕಡಿಮೆ. ಕಂಪ್ರೆಸರಿನ ತಲೆ ಬಿಚ್ಚಿ ನೋಡಿದರೆ ಒಳಗಿನ ವಾಲ್ವಿನ ಪಟ್ಟಿ ಮೂರು ತುಂಡಾಗಿತ್ತು. ಪಿಸ್ಟನ್ನಿನ ಕೈ ಬಾಗಿತ್ತು. ಅವರು ಪೈಪಿನ ಗುಂಟ ಕೈಯಾಡಿಸುತ್ತ ಹೋಗಿ ಒಂದು ಕಡೆ ನಿಂತರು. ಅಲ್ಲಿ ಪೈಪಿಗೆ ಅಂಟಿಕೊಂಡಿರಬೇಕಾದ ಬೆರಳುದ್ದದ ತಾಮ್ರದ ಒಂದು ಗುಂಡಿ ಪಟ್ಟಿ ಕಳಚಿ ಜೋತಾಡುತ್ತಿತ್ತು. "ಇದೇ ನೋಡ್ರಿ ಅಕ್ಕಾರ, ವಾಲ್ವಿನ ಕೈ" ಎಂದರು.

ಮರಳುವ ಗ್ಯಾಸು ಎಷ್ಟು ತಣ್ಣಗಿದೆ ಎಂದು ಮುಟ್ಟಿ ನೋಡಿ, ದ್ರವ ಹೆಚ್ಚು ಬಿಡಬೇಕೋ ಕಡಿಮೆ ಬಿಡಬೇಕೋ ಎಂದು ವಾಲ್ವಿಗೆ ಹೇಳುವುದು ಆ ಗುಂಡಿಯ ಕೆಲಸ. ಪೈಪು ಬಿಟ್ಟು ಜೋತಾಡಿದ ಅದು ಮುಟ್ಟಿದ್ದು ಷೆಡ್ಡಿನ ಗಾಳಿಯನ್ನು. ನಮ್ಮ ಏಪ್ರಿಲ್ಲಿನ ಗಾಳಿ! "ಬಹಳ ಬಿಸಿ ಐತಿ, ಇನ್ನಷ್ಟು ಬಿಡು" ಎಂದು ಅದು ಹೇಳುತ್ತಲೇ ಹೋಯಿತು, ವಾಲ್ವು ಬಿಡುತ್ತಲೇ ಹೋಯಿತು. ಸುರುಳಿಯಲ್ಲಿ ಅಷ್ಟೂ ದ್ರವ ಕುದಿಯಲಾರದೆ, ಉಳಿದದ್ದು ಹನಿ ಹನಿಯಾಗಿ ಕಂಪ್ರೆಸರಿಗೇ ಬಂದಿತ್ತು. ತೊಟ್ಟಿ ತೊಳೆಯುವಾಗ ಯಾರ ಕೈ ತಾಗಿತೋ. ಮಂಜು ಕಂಪ್ರೆಸರಿನ ಮೈಗೆ ಏರಿದ್ದೇ ಅದರ ಕುರುಹು.

"ಹನಿ ಬಂದ್ರ ಏನಾತು ಭಾಯ್?" ಎಂದೆ. ಆತ ನನ್ನ ಮಗನ ಕೈಯಲ್ಲಿದ್ದ ಬಣ್ಣದಾಟದ ಇಂಜೆಕ್ಷನ್ ಸಿರಿಂಜು ಇಸಿದುಕೊಂಡು, ಬಾಯಿಗೆ ಬೆರಳು ಒತ್ತಿ ದಂಡೆ ದೂಡಿದರು. ಒಳಗೆ ಗಾಳಿಯಿದ್ದಾಗ ಅದು ಅರ್ಧಕ್ಕೆ ಹೋಯಿತು. ನೀರು ತುಂಬಿ ಒತ್ತಿದರೆ ಎಳ್ಳಷ್ಟೂ ಸರಿಯಲಿಲ್ಲ. "ಗ್ಯಾಸು ಒತ್ತಿಸ್ಕೊಂತದ. ನೀರು ಒತ್ತಿಸ್ಕೊಳ್ಳಂಗಿಲ್ಲ, ಕಬ್ಬಿಣನ ಮುರೀತದ." ಅದಲ್ಲದೆ ಆ ದ್ರವ ಒಳಗಿನ ಎಣ್ಣೆಯನ್ನೂ ತೊಳೆದುಬಿಡುತ್ತದಂತೆ. ಎಣ್ಣೆ ಹೋದ ಮೇಲೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ.

ಬೇಸಿಗೆಯ ನಡುಮಧ್ಯೆ ಮಷೀನು ಇಪ್ಪತ್ತೆರಡು ದಿನ ನಿಂತಿತು. ಹಳೆಯ ಕಂಪ್ರೆಸರೊಂದನ್ನು ಹೈದರಾಬಾದಿನಿಂದ ತರಿಸಬೇಕಾಯಿತು. ಒತ್ತೆಯ ಬಡ್ಡಿ ಬೆಳೆಯಿತು, ಗಡುವು ದಾಟಿತು. ಪಾಟ್ಲಿ ಮರಳಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದೀಪಾವಳಿಗೆ ತವರಿಗೆ ಹೋದಾಗ ಅವ್ವ ನನ್ನ ಕೈ ನೋಡಿದಳು, ನಾನು ಸೆರಗು ಮುಚ್ಚಿದೆ. ಅಷ್ಟೇ.

ಭಾಯ್ ಹೋಗುವಾಗ ನನಗೊಂದು ಕೆಲಸ ಹಚ್ಚಿ ಹೋದರು. ನಮ್ಮವರಿಗೆ ಹೇಳದೆ ನನಗೇ ಯಾಕೆ ಹೇಳಿದರೋ, ಬಹುಶಃ ನಾನೊಬ್ಬಳೇ ಪ್ರಶ್ನೆ ಕೇಳಿದ್ದಕ್ಕೆ. ಬರೀ ಮಂಜು ನೋಡಿ ನಂಬಬೇಡಿ, ಅಂಜಲೂ ಬೇಡಿ, ಒಣ ಗ್ಯಾಸು ತಣ್ಣಗಿದ್ದರೂ ಪೈಪಿನ ಮೇಲೆ ಮಂಜು ಕಟ್ಟುತ್ತದೆ ಎಂದರು. ಗುರುತು ಬೇರೆ. ಗೇಜಿನಲ್ಲಿ ಒತ್ತಡ ನೋಡಬೇಕು. 12 ಪೌಂಡು ಇದ್ದರೆ, ಆ ಒತ್ತಡದಲ್ಲಿ ಆರ್-12 ಕುದಿಯುವುದು ಸೊನ್ನೆಯ ಕೆಳಗೆ 15 ಡಿಗ್ರಿಯಲ್ಲಿ. ಗೇಜಿನ ಒಳಸುತ್ತಿನಲ್ಲೇ ಅದನ್ನು ಬರೆದಿರುತ್ತಾರೆ. ಈಗ ಪೈಪಿಗೆ ಥರ್ಮಾಮೀಟರು ಕಟ್ಟಿ ನೋಡಬೇಕು. ಅದೂ 15 ಡಿಗ್ರಿ ಕೆಳಗೇ ತೋರಿಸಿದರೆ ಒಳಗೆ ದ್ರವ ಇನ್ನೂ ಉಳಿದಿದೆ ಎಂದು ಸಂಶಯ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವವರೆಗೂ ಅದರ ಬಿಸಿ ಕುದಿಯುವ ಮಟ್ಟ ದಾಟದಲ್ಲ, ಹಾಗೆ. ಐದಾರು ಡಿಗ್ರಿ ಮೇಲಿದ್ದರೆ, ದ್ರವವೆಲ್ಲ ಮುಗಿದು ಗ್ಯಾಸೇ ಬಿಸಿಯೇರತೊಡಗಿದೆ, ಚಿಂತೆಯಿಲ್ಲ.

ಮನೆಯಲ್ಲಿದ್ದ ಥರ್ಮಾಮೀಟರು ತಂದು ಕಟ್ಟಿದೆ. ಜ್ವರ ನೋಡುವುದು! ಅದು 35ಕ್ಕಿಂತ ಕೆಳಗಿಳಿಯುವುದೇ ಇಲ್ಲ ಎಂದು ನನಗೆ ಹೊಳೆದದ್ದು ಮಗ ನಕ್ಕ ಮೇಲೆ. ರಾಯಚೂರಿನಿಂದ ಬೇರೆ ತರಿಸಿದೆವು. ಮಗನ ಹಳೆಯ ಗಣಿತದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಎರಡೆರಡು ತಾಸಿಗೆ ಒಂದು ಸಲ ಒತ್ತಡ, ಡಿಗ್ರಿ, ವ್ಯತ್ಯಾಸ ಬರೆಯುತ್ತ ಹೋದೆ. ಹಾಲಿನ ಲೆಕ್ಕ, ಕಿರಾಣಿ ಲೆಕ್ಕ ಬರೆದ ಕೈಗೆ ಇದೇನು ದೊಡ್ಡದಲ್ಲ. ಮೂರು ವರ್ಷ ಮಷೀನು ಕೆಮ್ಮಲಿಲ್ಲ. ನೋಟ್‌ಬುಕ್ಕಿನ ಮೇಲೆ ನನಗೆ ದೇವರ ಮೇಲಿನಷ್ಟು ನಂಬಿಕೆ ಹುಟ್ಟಿತು.

1996ರಲ್ಲಿ, ಯುಗಾದಿ ಮುಗಿದ ಮೇಲೆ, ಅತ್ತೆಯವರು ಮತ್ತೆ ಹೇಳಿದರು: "ತಂಗೀ, ಹಳ್ಳು ಸಿಕ್ಕೈತಿ." ಓಡಿಹೋಗಿ ನೋಡಿದೆ. 12 ಪೌಂಡು. ಪೈಪು ಸೊನ್ನೆಯ ಕೆಳಗೆ ಒಂಬತ್ತು. ವ್ಯತ್ಯಾಸ ಆರು, ಎಲ್ಲ ಸರಿ. "ಅತ್ತೀ, ಲೆಕ್ಕ ಸರಿ ಐತ್ರಿ" ಎಂದೆ. "ಲೆಕ್ಕ ಸರಿ ಇರಬೌದವ್ವಾ, ಸಪ್ಪಳ ಸರಿ ಇಲ್ಲ" ಎಂದರು. ಒಂದು ಕಡೆ ಅಂಕಿ, ಒಂದು ಕಡೆ ಅತ್ತೆ. ನಾನು ಯಾರನ್ನೂ ಕೇಳದೆ ಮೇನ್ ಸ್ವಿಚ್ಚು ಎಳೆದುಬಿಟ್ಟೆ. ಅಚ್ಚಿನಲ್ಲಿದ್ದ ನಾನೂರು ಕ್ಯಾಂಡಿ ಕರಗಿದವು. ನಮ್ಮವರು ಸಂಜೆವರೆಗೂ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಭಾಯ್ ಬಂದು ಬಿಚ್ಚಿದಾಗ ವಾಲ್ವಿನ ಪಟ್ಟಿಯ ಅಂಚಿನಲ್ಲಿ ಕೂದಲಿನಂಥ ಬಿರುಕು. ಉಪ್ಪುನೀರು ಕಡೆಯುವ ಪಂಖದ ಪಟ್ಟಾ ಸಡಿಲಾಗಿ, ನೀರು ಸರಿಯಾಗಿ ಸುತ್ತದೆ ಸುರುಳಿಗೆ ಬಿಸಿ ಸಾಲುತ್ತಿರಲಿಲ್ಲ. ಅಲ್ಪ ಖರ್ಚಿನಲ್ಲಿ ಉಳಿಯಿತು.

ಆದರೆ ನನ್ನ ನೋಟ್‌ಬುಕ್ಕು ಸುಳ್ಳು ಹೇಳಿದ್ದು ಯಾಕೆ? ಭಾಯ್‌ಗೂ ಬಿಡಿಸಿ ಹೇಳಲಾಗಲಿಲ್ಲ. "ಒಮ್ಮೊಮ್ಮೆ ಹಂಗ ಆಗ್ತದ ಅಕ್ಕಾರ" ಎಂದರು. ಆ ಪ್ರಶ್ನೆ ಹತ್ತು ವರ್ಷ ನನ್ನ ಹೊಟ್ಟೆಯಲ್ಲಿ ಉಳಿಯಿತು. ಬಣ್ಣ ಬಣ್ಣದ ಪ್ಯಾಕೆಟ್ಟಿನ ಐಸ್‌ಕ್ರೀಮು ಬಂದು ಕ್ಯಾಂಡಿ ಕೇಳುವವರಿಲ್ಲದೆ 2003ರಲ್ಲಿ ಮಷೀನು ಮಾರಿದೆವು. ಆರ್-12 ಕೂಡ ಮುಂದೆ ಉಳಿಯಲಿಲ್ಲ. ಅದು ಆಕಾಶದ ಓಝೋನ್ ಪದರವನ್ನು ತೂತು ಮಾಡುತ್ತದೆ ಎಂದು 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು. ಭಾರತ 1992ರಲ್ಲಿ, ನಮ್ಮ ಮಷೀನು ಬಂದ ವರ್ಷವೇ, ಅದಕ್ಕೆ ಸೇರಿತು. 2010ರ ಹೊತ್ತಿಗೆ ಇಲ್ಲಿಯೂ ಅದರ ತಯಾರಿಕೆ ನಿಂತಿತು. ಈಗ ಬಹಳಷ್ಟು ಮನೆಗಳ ಫ್ರಿಜ್ಜಿನಲ್ಲಿರುವುದು ಐಸೊಬ್ಯೂಟೇನ್, ಅಡುಗೆ ಗ್ಯಾಸಿನ ದಾಯಾದಿ.

ಅಡುಗೆ ಗ್ಯಾಸೆಂದ ಮೇಲೆ ಒಂದು ಮಾತು. ಸಿಲಿಂಡರಿನ ಒಳಗಿರುವುದೂ ದ್ರವವೇ, ಮೇಲಿಂದ ಬರುವುದು ಅದರ ಆವಿ. ಮುಗಿಯುತ್ತ ಬಂದಾಗ ಸಿಲಿಂಡರನ್ನು ಅಡ್ಡ ಮಲಗಿಸಿ ಇನ್ನೊಂದು ಸಾರು ಕಾಯಿಸಿಕೊಳ್ಳುವ ಜಾಣತನ ನಮ್ಮಲ್ಲಿ ಅನೇಕರಿಗಿದೆ. ಆಗ ಆವಿ ಬರುವ ದಾರಿಯಲ್ಲಿ ದ್ರವವೇ ನುಗ್ಗುತ್ತದೆ. ಒಂದು ಪಾಲು ದ್ರವ ಇನ್ನೂರೈವತ್ತು ಪಾಲಿನಷ್ಟು ಆವಿಯಾಗಿ ಉಬ್ಬುತ್ತದೆ, ಉರಿ ಆಳೆತ್ತರ ಏಳಬಹುದು. ನಮ್ಮ ಓಣಿಯಲ್ಲಿ ಒಬ್ಬಾಕೆಯ ಹುಬ್ಬು, ಮುಂದಲೆ ಸುಟ್ಟದ್ದು ಹೀಗೆಯೇ. ದಯವಿಟ್ಟು ಮಲಗಿಸಬೇಡಿ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2006ರಲ್ಲಿ. ಡಿಪ್ಲೊಮಾ ಓದಿ ಬೆಂಗಳೂರಿನಲ್ಲಿ ಶೀತಲಗೃಹದ ಮಷೀನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ ಮೈದುನನ ಮಗ ಕಾರಹುಣ್ಣಿಮೆಗೆ ಬಂದಿದ್ದ. ನಾನು ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಅತ್ತೆಯವರು ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣು ಆಗಲೇ ಮಂಜಾಗಿತ್ತು, ಕಿವಿ ಮಾತ್ರ ಹಾಗೆಯೇ. ರೊಟ್ಟಿ ಬೇಯುವ ಹೊತ್ತಿಗೆ ನನ್ನ ಹಳೆಯ ಸಂಶಯ ಹೊರಬಂತು.

"ದೊಡ್ಡವ್ವಾ, ನಿನ್ನ ಲೆಕ್ಕ ತಪ್ಪಲ್ಲ. ಪೈಪಿನ ಒಳಗ ಗ್ಯಾಸು ಬಹಳ ಜೋರಿಲೆ ಓಡ್ತದ" ಎಂದ ಅವನು. ಗಾಳಿಯ ನಡುವೆ ತೇಲುವ ಸಣ್ಣ ಹನಿಗಳಿಗೆ ಆವಿಯಾಗಲು ಹೊತ್ತೇ ಸಿಗುವುದಿಲ್ಲ. ಸುತ್ತಲಿನ ಗ್ಯಾಸು ಒಣಗಿ ಐದಾರು ಡಿಗ್ರಿ ಬಿಸಿಯೇರಿದ್ದರೂ, ನಡುವಿನ ಹನಿಗಳು ನಿಲ್ದಾಣದಲ್ಲಿ ಇಳಿಯದ ಪ್ರಯಾಣಿಕರ ಹಾಗೆ ಕಂಪ್ರೆಸರಿನವರೆಗೂ ಬಂದುಬಿಡಬಹುದು. ಥರ್ಮಾಮೀಟರು ಕೂತಿರುವುದು ಪೈಪಿನ ಹೊರಮೈಗೆ, ಅದಕ್ಕೆ ಅವು ಕಾಣುವುದಿಲ್ಲ. ಮೇಲಾಗಿ ವಾಲ್ವು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬಿಡುತ್ತ ತೂಗಾಡಿದರೆ ಹನಿಗಳು ಬಿಟ್ಟು ಬಿಟ್ಟು ಗುಂಪಾಗಿ ಬರುತ್ತವೆ. ಎರಡು ತಾಸಿಗೊಮ್ಮೆ ಓದುವ ನಾನು ಅವು ಹೋದ ಮೇಲೆ ನೋಡುತ್ತಿದ್ದೆ. ಕಿವಿ ಇಡೀ ಹೊತ್ತು ತೆರೆದೇ ಇರುತ್ತದಲ್ಲ.

"ಹಂಗಾದ್ರ ಹನೀನ ಹಿಡಿಯೋದು ಹ್ಯಾಂಗ?"

ಎರಡು ಬಗೆ ಹೇಳಿದ. ಒಂದು, ಬೆಳಕು. ಪೈಪಿಗೆ ಗಾಜಿನ ಕಿಂಡಿ ಇಟ್ಟು ಬೆಳಕು ಹಾಯಿಸಿದರೆ ಬರಿ ಆವಿ ಪಾರದರ್ಶಕ, ಹನಿ ಬಂದರೆ ಬೆಳಕು ಚದುರುತ್ತದೆ. ಇದು ನಾವೂ ನೋಡಿದ್ದೇ. ಚಹಾದ ಕಿತ್ತಲಿಯ ಮೂತಿಯ ಹತ್ತಿರ ಒಂದು ಅಂಗುಲ ಏನೂ ಕಾಣುವುದಿಲ್ಲ, ಅದೇ ನಿಜವಾದ ಆವಿ. ಮುಂದೆ ಬೆಳ್ಳಗೆ ಕಾಣುವುದನ್ನು ನಾವು ಆವಿ ಎನ್ನುತ್ತೇವೆ, ಅದು ತಣಿದು ಆದ ನೀರಿನ ಹನಿ.

ಎರಡನೆಯದು ಕೇಳಿ ನಾನು ರೊಟ್ಟಿ ಹೊತ್ತಿಸಿಬಿಟ್ಟೆ. ಸಾಸಿವೆಕಾಳಿನಂಥ ಒಂದು ಮಣಿಯನ್ನು ಪೈಪಿನ ಒಳಗೆ, ಗ್ಯಾಸು ಓಡುವ ದಾರಿಯ ನಡುವೆ ಕೂಡಿಸಿ, ಕರೆಂಟು ಕೊಟ್ಟು ಸುತ್ತಲಿನ ಗ್ಯಾಸಿಗಿಂತ ಸ್ವಲ್ಪ ಬಿಸಿಯಾಗಿ ಇಡುತ್ತಾರೆ. ಒಣ ಗ್ಯಾಸು ಸೋಕಿದರೆ ಅದರ ಬಿಸಿ ಅಷ್ಟಾಗಿ ಇಳಿಯುವುದಿಲ್ಲ. ಒಂದು ಹನಿ ಬಡಿದರೆ, ಆ ಹನಿ ಆವಿಯಾಗಲು ಮಣಿಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಮಣಿ ತಟ್ಟನೆ ತಣಿಯುತ್ತದೆ, ಮುಳ್ಳು ಹೊಯ್ದಾಡುತ್ತದೆ. ನೀರಿನದೇ ಲೆಕ್ಕ ತೆಗೆದುಕೊಂಡರೆ, ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಒಂದು ಕ್ಯಾಲೊರಿ ಸಾಕು, ಕುದಿಯುವ ಅದೇ ಒಂದು ಗ್ರಾಂ ಆವಿಯಾಗಲು 540 ಬೇಕು. ಅದಕ್ಕೇ ಅಷ್ಟು ಸಣ್ಣ ಹನಿಯೂ ಬಚ್ಚಿಟ್ಟುಕೊಳ್ಳಲಾರದು.

"ಇದು ನಮ್ಮ ಹಂಚಲ್ಲೇನೋ!" ಎಂದೆ. ದಿನಾ ಬೆಳಿಗ್ಗೆ ಮೊದಲ ರೊಟ್ಟಿ ಹಾಕುವ ಮೊದಲು ನಾವು ಬೆರಳು ನೀರಿಗೆ ಅದ್ದಿ ಹಂಚಿನ ಮೇಲೆ ಚಿಮುಕಿಸುತ್ತೇವೆ. ಸುಮ್ಮನೆ ಹರಿದರೆ ಕಾದಿಲ್ಲ, ಚುಂಯ್ ಎಂದು ಹೀರಿದರೆ ಹದ. ಗುಂಡಗಾಗಿ ಕುಣಿಯುತ್ತ ಓಡಿದರೆ ಅತಿ ಕಾದಿದೆ, ಸೌದೆ ಹಿಂದಕ್ಕೆಳೆಯಬೇಕು. ಈ ಕುಣಿತಕ್ಕೆ 1756ರಲ್ಲಿ ಅದನ್ನು ಬರೆದಿಟ್ಟ ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯನ ಹೆಸರಿದೆಯಂತೆ. ಹನಿಯಿಂದ ನಾವು ಹಂಚನ್ನು ಪರೀಕ್ಷಿಸುತ್ತೇವೆ, ಅವರು ಹಂಚಿನಿಂದ ಹನಿಯನ್ನು ಪರೀಕ್ಷಿಸುತ್ತಾರೆ.

ಅತ್ತೆಯವರು ಇಷ್ಟೂ ಹೊತ್ತು ಸುಮ್ಮನೆ ಕೇಳುತ್ತಿದ್ದರು. "ಅದನ್ನ ನೋಡ್ಕೊಂಡು ಕೂಡಾಕ ನಿನಗ ಪಗಾರ ಎಷ್ಟು ಕೊಡ್ತಾರೋ ತಮ್ಮಾ?" ಎಂದರು. ಅವನು ಹೇಳಿದ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಹಂಗಿದ್ರ ಆ ವರ್ಷ ಮೂರು ರಾತ್ರಿ ನಾ ಪುಕ್ಕಟ ಹೇಳಿದ್ನೆಲ್ಲೋ. ಕೇಳಿದ್ರ ಈಕಿ ಪಾಟ್ಲಿ ಉಳೀತಿದ್ವು."

ಹದಿಮೂರು ವರ್ಷದಲ್ಲಿ ಆ ಮನೆಯಲ್ಲಿ ಪಾಟ್ಲಿಯ ಮಾತು ಬಂದದ್ದು ಅದೇ ಮೊದಲು. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ನಮ್ಮವರು ಪೇಪರು ಮಡಚಿಟ್ಟರು. ಎದ್ದು ಚಪ್ಪಲಿ ಮೆಟ್ಟಿ, ಕರೆಂಟು ಬಂತೇನೋ ನೋಡಿ ಬರುತ್ತೇನೆ ಎಂದು ಹೊರಗೆ ಹೋದರು. ಕರೆಂಟು ಹೋಗಿರಲೇ ಇಲ್ಲ. ನಾನು ಹೊತ್ತಿದ ರೊಟ್ಟಿ ಬದಿಗಿಟ್ಟು ಹಂಚಿನ ಮೇಲೆ ಇನ್ನೊಮ್ಮೆ ನೀರು ಚಿಮುಕಿಸಿದೆ.